ಅಂಗಳದ ಹೂಗಿಡಗಳಿಗೆ ಚಳಿಗಾಲದ ಆರೈಕೆ



ಕಾರ್ತಿಕ ಕಳೆದು ಮಾರ್ಗಶಿರ ಬಂತೆಂದರೆ ಕುಂದೂರಿನ ಸುತ್ತಮುತ್ತ ನಮಗೆ ಕೊಯ್ಲಿನ ಹೊರತು ಬೇರೆ ಮಾತೇ ಇರುವುದಿಲ್ಲ. ಅರೇಬಿಕಾ ಹಣ್ಣು ಉದುರುವ ಮೊದಲು ಕೊಯ್ಯಬೇಕು, ಪಲ್ಪರ್‌ಗೆ ನೀರು ಹೊಂದಿಸಬೇಕು, ಕಣದಲ್ಲಿ ಹರಡಿದ್ದನ್ನು ಇಬ್ಬನಿ ಬೀಳುವ ಮುನ್ನ ರಾಶಿ ಮಾಡಿ ಮುಚ್ಚಬೇಕು. ಅಡಿಕೆ ಇರುವವರಿಗೆ ಕೊನೆ ತೆಗೆಸುವ, ಸುಲಿಸುವ, ಬೇಯಿಸುವ ಕೆಲಸ ಬೇರೆ. ಇಂಥ ದಿನಗಳಲ್ಲಿ ಮನೆ ಮುಂದಿನ ಹೂಗಿಡದ ವಿಷಯ ಎತ್ತಿದರೆ “ಇವರಿಗೆ ಬೇರೆ ಕೆಲಸವಿಲ್ಲವೇ” ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ವರ್ಷವರ್ಷವೂ ಹೂ ಕೊಡುವ ಬಹುವಾರ್ಷಿಕ ಗಿಡಗಳನ್ನು ನಮ್ಮ ಅಂಗಳಗಳಲ್ಲಿ ಹೆಚ್ಚಾಗಿ ನಾವು ಕಳೆದುಕೊಳ್ಳುವುದು ಕಣದ ಕೆಲಸದಲ್ಲಿ ಮುಳುಗಿರುವ ಈ ಮೂರು ತಿಂಗಳುಗಳಲ್ಲಿಯೇ. ಆರೈಕೆ ಇಲ್ಲದೆ ಸತ್ತವು ಕೆಲವು. ತಪ್ಪು ಆರೈಕೆಯಿಂದ ಸತ್ತವು ಅದಕ್ಕಿಂತ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ನನ್ನ ಮನೆಯ ಸಂಗತಿಯಿಂದಲೇ ಆರಂಭಿಸುತ್ತೇನೆ. ನಮ್ಮಲ್ಲಿ ಒಂದು ಡೇರೆ ಹೂವಿತ್ತು. ಪೇಟೆಯವರು ಡೇಲಿಯಾ ಎನ್ನುತ್ತಾರೆ. ಕಡುಗೆಂಪು ಬಣ್ಣ, ಎಸಳಿನ ತುದಿ ಮಾತ್ರ ಬಿಳಿ, ಊಟದ ತಟ್ಟೆಗಿಂತ ಸ್ವಲ್ಪ ಸಣ್ಣದು. ಅಮ್ಮ ಮದುವೆಯಾಗಿ ಬಂದ ಮರುವರ್ಷ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದ ಗಡ್ಡೆ ಅದು. ಪ್ರತಿ ವರ್ಷ ಗಿಡ ಹಳದಿ ತಿರುಗಿದ ಮೇಲೆ ಆಕೆಯೇ ಕಿತ್ತು, ಎಲ್ಲೋ ಇಟ್ಟು, ಮುಂಗಾರಿಗೆ ಮತ್ತೆ ನೆಡುತ್ತಿದ್ದರು. ಎಲ್ಲಿಡುತ್ತೀರಿ, ಹೇಗಿಡುತ್ತೀರಿ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಅಮ್ಮ ತೀರಿಕೊಂಡ ವರ್ಷ ಗಡ್ಡೆ ನೆಲದಲ್ಲೇ ಉಳಿಯಿತು. ಗಿಡ ಒಣಗುತ್ತಿರುವುದನ್ನು ಕಂಡು ಬಾಯಾರಿಕೆಯೆಂದು ಭಾವಿಸಿ, ಪಲ್ಪರ್‌ಗೆ ಹಾಕಿದ ಪೈಪನ್ನೇ ತಿರುಗಿಸಿ ದಿನ ಬಿಟ್ಟು ದಿನ ನೀರು ಬಿಟ್ಟೆ. ಏಪ್ರಿಲ್‌ನಲ್ಲಿ ಅಗೆದು ನೋಡಿದರೆ ಗಡ್ಡೆಯಿದ್ದ ಕಡೆ ಕೊಳೆತ ವಾಸನೆಯ ಕರಿಮಣ್ಣು ಮಾತ್ರ ಇತ್ತು. ಪ್ರೀತಿಯಿಂದಲೇ ಕೊಂದಂತಾಯಿತು. ಆ ಬಣ್ಣದ ಡೇರೆ ಇಂದಿಗೂ ಯಾವ ನರ್ಸರಿಯಲ್ಲಿಯೂ ನನಗೆ ಸಿಕ್ಕಿಲ್ಲ.

ನಮ್ಮ ಚಳಿಗಾಲ ಎಂಥದು?

ಪೇಟೆಯಲ್ಲಿ ಸಿಗುವ ಹೂದೋಟದ ಪುಸ್ತಕಗಳಲ್ಲಿ ಚಳಿಗಾಲದ ಅಧ್ಯಾಯವೆಂದರೆ ಹಿಮದಿಂದ ರಕ್ಷಣೆಯ ಅಧ್ಯಾಯ. ಬುಡಕ್ಕೆ ಹುಲ್ಲು ಒಟ್ಟಿರಿ, ರಾತ್ರಿ ಹೊದಿಕೆ ಹಾಕಿರಿ, ಮನೆಯೊಳಗೆ ತನ್ನಿರಿ ಎಂದಿರುತ್ತದೆ. ಊಟಿಯಂಥ ಎತ್ತರದಲ್ಲಿ ಡಿಸೆಂಬರ್-ಜನವರಿಯಲ್ಲಿ ಹಿಮ ಕಟ್ಟುವುದುಂಟು, ಅಲ್ಲಿ ಆ ಮಾತು ಸರಿ. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದ ನಮ್ಮ ಗುಡ್ಡಗಳಲ್ಲಿ ಗಿಡಕ್ಕೆ ಎದುರಾಗುವ ಕಷ್ಟ ಬೇರೆ. ಬೆಳಿಗ್ಗೆ ಎಂಟು, ಒಂಬತ್ತರವರೆಗೆ ಮಂಜು, ಎಲೆಯ ಮೇಲೆ ಇಬ್ಬನಿ. ಹತ್ತರ ನಂತರ ಮೋಡವಿಲ್ಲದ ಬಿಸಿಲು, ಮೇಲಿಂದ ಒಣಗಾಳಿ. ಮಳೆಗಾಲದಲ್ಲಿ ನೀರು ಕುಡಿದು ಗಟ್ಟಿಯಾದ ಮಣ್ಣು ಡಿಸೆಂಬರ್ ಹೊತ್ತಿಗೆ ಬಿರುಕು ಬಿಡುತ್ತದೆ. ಸಕಲೇಶಪುರದ ಪಶ್ಚಿಮಕ್ಕಿಂತ ಆಲೂರಿನ ಕಡೆ, ಅಂದರೆ ಅರೆಮಲೆನಾಡಿನಲ್ಲಿ, ಇದು ಇನ್ನೂ ಬೇಗ. ಹೀಗೆ ಮೇಲೆ ಒದ್ದೆ, ಕೆಳಗೆ ಒಣ. ಎಲೆಗೆ ರೋಗ ತರುವಷ್ಟು ತೇವವಿದೆ, ಬೇರಿಗೆ ಬೇಕಾದಷ್ಟು ಇಲ್ಲ.

ಆದುದರಿಂದ ನವೆಂಬರ್ ಮೊದಲಲ್ಲಿಯೇ, ಮಣ್ಣಿನಲ್ಲಿ ಇನ್ನೂ ಹದವಿರುವಾಗ, ಗಿಡಗಳ ಬುಡವನ್ನು ಎರಡಂಗುಲ ಆಳಕ್ಕೆ ಹಗುರವಾಗಿ ಕೆದಕಿ ತರಗೆಲೆ ಹೊದಿಸುವುದು ಯುಕ್ತ. ತೋಟದಲ್ಲಿ ಅಗತೆ ಮಾಡುವುದರ ಹಿಂದಿನ ಲೆಕ್ಕಾಚಾರವೇ ಇದು. ಮೇಲ್ಮಣ್ಣು ಸಡಿಲವಾದರೆ ಒಳಗಿನ ತೇವ ಮೇಲೆ ಬಂದು ಆರಿಹೋಗುವುದಿಲ್ಲ. ತರಗೆಲೆ ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಬೇಕು, ಇಲ್ಲದಿದ್ದರೆ ಗೆದ್ದಲು ಏರುತ್ತದೆ. ಪಲ್ಪರ್‌ನಿಂದ ಬಂದ ಹಸಿ ಕಾಫಿ ಸಿಪ್ಪೆಯನ್ನು ಹತ್ತಿರವಿದೆಯೆಂದು ಹೂಗಿಡದ ಬುಡಕ್ಕೆ ಸುರಿಯುವವರಿದ್ದಾರೆ. ಅದು ಕೊಳೆಯುವಾಗ ಬಿಸಿಯೇರಿ ಬೇರು ಸುಡುತ್ತದೆ. ಸಗಣಿ, ಮಣ್ಣಿನೊಡನೆ ಗುಂಡಿಯಲ್ಲಿ ಚೆನ್ನಾಗಿ ಕಳಿತ ಮೇಲೆ ಅದೇ ಸಿಪ್ಪೆ ಉತ್ತಮ ಗೊಬ್ಬರ.

ಮಲಗಿದ ಗಿಡಗಳು

ಇನ್ನು ಮುಖ್ಯ ವಿಷಯ. ಚಳಿಗಾಲದಲ್ಲಿ ಎಲ್ಲ ಗಿಡಗಳೂ ಒಂದೇ ಸ್ಥಿತಿಯಲ್ಲಿರುವುದಿಲ್ಲ. ಕೆಲವು ಮಲಗಿರುತ್ತವೆ, ಕೆಲವು ದುಡಿಯುತ್ತಿರುತ್ತವೆ. ಮಲಗಿದ್ದನ್ನು ಎಬ್ಬಿಸಬಾರದು, ದುಡಿಯುವುದನ್ನು ಬಾಯಾರಿಸಬಾರದು.

ಡೇರೆ ಮೆಕ್ಸಿಕೊ ಕಡೆಯ ಗುಡ್ಡಗಾಡಿನ ಗಿಡ. ನಮ್ಮಲ್ಲಿ ಮಳೆಗಾಲದಲ್ಲಿ ಬೆಳೆದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹೂ ಕೊಟ್ಟು, ತಿಂದದ್ದನ್ನೆಲ್ಲ ಗಡ್ಡೆಗೆ ಇಳಿಸಿ ಮಲಗುತ್ತದೆ. ಎಲೆ ಹಳದಿಯಾಗುವುದು ರೋಗವಲ್ಲ, ನಿದ್ರೆಯ ಸೂಚನೆ. ಆಗ ನೀರು ಪೂರ್ತಿ ನಿಲ್ಲಿಸಬೇಕು. ಕಾಂಡ ಒಣಗಿದ ಮೇಲೆ ನೆಲದಿಂದ ಅರ್ಧ ಗೇಣು ಬಿಟ್ಟು ಕತ್ತರಿಸಿ, ಒಂದು ವಾರ ಬಿಟ್ಟು, ಬುಡದಿಂದ ಒಂದು ಅಡಿ ದೂರದಲ್ಲಿ ಸುತ್ತಲೂ ಮಣ್ಣು ಸಡಿಲಿಸಿ ಗೊಂಚಲನ್ನು ಇಡಿಯಾಗಿ ಎತ್ತಬೇಕು. ಕಾಂಡ ಹಿಡಿದು ಜಗ್ಗಬಾರದು. ಗಡ್ಡೆಯ ಕುತ್ತಿಗೆ ಸೀಳಿದರೆ ಆ ಗಡ್ಡೆ ಎಷ್ಟು ದಪ್ಪವಿದ್ದರೂ ಪ್ರಯೋಜನವಿಲ್ಲ, ಏಕೆಂದರೆ ಡೇರೆಯ ಕಣ್ಣುಗಳಿರುವುದು ಆಲೂಗಡ್ಡೆಯಂತೆ ಮೈಮೇಲಲ್ಲ, ಕಾಂಡಕ್ಕೆ ಅಂಟಿದ ಆ ಕುತ್ತಿಗೆಯ ಬಳಿ. ನೆರೆಯವರಿಗೆ ಕೊಡುವಾಗ ಬರೀ ಗಡ್ಡೆ ಮುರಿದು ಕೊಟ್ಟು, “ನಿಮ್ಮ ಕೈಗುಣ ಸರಿಯಿಲ್ಲ” ಎಂದು ಆಮೇಲೆ ಹೇಳುವುದು ನಮ್ಮೂರಲ್ಲಿ ಸಾಮಾನ್ಯ. ಕಾಂಡದ ಚೂರು ಸೇರಿಸಿ ಸೀಳಿಕೊಟ್ಟರೆ ಎಲ್ಲರ ಕೈಗುಣವೂ ಸರಿಯಾಗುತ್ತದೆ.

ಕಿತ್ತ ಗಡ್ಡೆಗಳನ್ನು ಎರಡು ದಿನ ನೆರಳಿನಲ್ಲಿ ಆರಿಸಿ, ಮಣ್ಣು ಕೊಡವಿ, ಮಡಕೆ ಅಥವಾ ಮರದ ಪೆಟ್ಟಿಗೆಯಲ್ಲಿ ಒಣ ಹೊಳೆಮರಳಿನ ನಡುವೆ ಇಡಬೇಕು. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರುತ್ತದೆ. ಒಲೆಯ ಮೇಲಿನ ಅಟ್ಟ ಬೀಜಕ್ಕೆ ಒಳ್ಳೆಯದು, ಡೇರೆಗೆ ಅಲ್ಲ; ಆ ಬಿಸಿಗೆ ಗಡ್ಡೆ ಸುಕ್ಕುಗಟ್ಟಿ ಬೆಂಡಾಗುತ್ತದೆ. ತಂಪಾದ, ಗಾಳಿಯಾಡುವ, ಇಲಿ ಬಾರದ ಮೂಲೆ ಸಾಕು. ತಿಂಗಳಿಗೊಮ್ಮೆ ತೆಗೆದು ನೋಡಿ, ಮೆತ್ತಗಾದದ್ದನ್ನು ಬೇರ್ಪಡಿಸಬೇಕು.

ಮಲಗುವ ಇನ್ನೊಂದು ಹೂವು ನಾವು ನೆಟ್ಟದ್ದಲ್ಲ. ನೆರಳುಮರಗಳ ಮೇಲೆ ತಾನಾಗಿ ಬೆಳೆಯುವ ಸೀತಾಳೆ ದಂಡೆ ಮುಂಗಾರಿನ ಹೊತ್ತಿಗೆ ಉದ್ದನೆಯ ಜಡೆಯಂತೆ ಅರಳುತ್ತದೆ. ಚಳಿಗಾಲದಲ್ಲಿ ಅದರ ಬೇರು ಬೆಳ್ಳಗಾಗಿ ಸತ್ತಂತೆ ಕಾಣುತ್ತದೆ, ಸತ್ತಿರುವುದಿಲ್ಲ. ಮರಗಸಿಯಲ್ಲಿ ಕೊಂಬೆಯೊಡನೆ ಕೆಳಗೆ ಬಿದ್ದದ್ದನ್ನು ಸೌದೆ ರಾಶಿಗೆ ಸೇರಿಸದೆ, ಬಾಳೆನಾರಿನಿಂದ ಅಂಗಳದ ಹಲಸಿನ ಕಾಂಡಕ್ಕೆ ಕಟ್ಟಿದರೆ ಮಳೆ ಬಂದಾಗ ತಾನೇ ಹಿಡಿದುಕೊಳ್ಳುತ್ತದೆ. ಬೆಳಗಿನ ಇಬ್ಬನಿಯೇ ಅದಕ್ಕೆ ಸಾಕು. ಗೊಬ್ಬರದ ಗೊಡವೆ ಬೇಡ.

ಕಾಗದದ ಹೂವನ್ನೂ ಈ ಸಾಲಿಗೆ ಸೇರಿಸಬಹುದು. ನೀರು ಹೆಚ್ಚಾದರೆ ಬರೀ ಎಲೆ, ಒಣಗಿಸಿದರೆ ಮೈತುಂಬ ಬಣ್ಣ.

ಕತ್ತರಿ ಹಾಕುವ ಮುನ್ನ

ಕೊಯ್ಲಿಗೆ ಬಂದ ಆಳುಗಳಲ್ಲಿ ಒಬ್ಬರಿಗೆ ಅರ್ಧ ದಿನ ಕತ್ತಿ ಕೊಟ್ಟು “ಅಂಗಳದ ಗಿಡವನ್ನೆಲ್ಲ ಒಂದು ಸಮ ಮಾಡಿ” ಎನ್ನುವುದು ನಮ್ಮಲ್ಲಿ ರೂಢಿ. ನೋಡಲು ಚೊಕ್ಕಟವಾಗುತ್ತದೆ, ಮುಂದಿನ ವರ್ಷ ಅರ್ಧದಷ್ಟು ಗಿಡಗಳಲ್ಲಿ ಹೂವಿರುವುದಿಲ್ಲ. ಮುಂದಿನ ಹೂವು ಹಳೆಯ ರೆಕ್ಕೆಯ ಮೇಲೆ ಬರುತ್ತದೆಯೋ ಹೊಸ ಚಿಗುರಿನಲ್ಲಿ ಬರುತ್ತದೆಯೋ ಎಂಬುದನ್ನು ತಿಳಿಯದೆ ಯಾವ ಗಿಡವನ್ನೂ ಮುಟ್ಟಬಾರದು. ಕಾಫಿಯಲ್ಲಿ ಇದು ನಮಗೆ ಕರತಲಾಮಲಕ. ಡಿಸೆಂಬರ್‌ನಲ್ಲಿ ಮೊಗ್ಗು ಕಟ್ಟಿದ ರೆಕ್ಕೆಯನ್ನು ಯಾರಾದರೂ ಕತ್ತರಿಸುತ್ತಾರೆಯೇ? ಅಂಗಳಕ್ಕೆ ಬಂದಾಗ ಮಾತ್ರ ಮರೆಯುತ್ತೇವೆ.

ಗುಲಾಬಿ, ಮಲ್ಲಿಗೆ, ದಾಸವಾಳ ಹೊಸ ಚಿಗುರಿನಲ್ಲಿ ಹೂ ಬಿಡುವವು, ಕತ್ತರಿಸಿದಷ್ಟೂ ಲಾಭ. ಮಳೆ ಹಿಂದೆಗೆದ ಮೇಲೆ ಅಕ್ಟೋಬರ್‌ನಲ್ಲಿ ಗುಲಾಬಿ ಸವರಿದರೆ ಆರೇಳು ವಾರಗಳಲ್ಲಿ ಹೂ ಕಾಣುತ್ತದೆ. ಹೊರಮುಖವಾದ ಕಣ್ಣಿನ ಮೇಲೆ ಓರೆಯಾಗಿ ಕತ್ತರಿಸಿ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಬೇಕು. ಕೊಳೆರೋಗಕ್ಕೆಂದು ಮೈಲುತುತ್ತ, ಸುಣ್ಣ ನಮ್ಮೆಲ್ಲರ ಮನೆಯಲ್ಲಿಯೂ ಇರುವಾಗ ಇದಕ್ಕೆ ಬೇರೆ ಖರ್ಚಿಲ್ಲ. ಹಾಗೆ ಬಿಟ್ಟರೆ ತುದಿಯಿಂದ ಕಪ್ಪಾಗುತ್ತ ಕೆಳಗಿಳಿಯುವ ಒಣಗುರೋಗ ಹಿಡಿಯುತ್ತದೆ. ಕಸಿಗಂಟಿನ ಕೆಳಗೆ ಎದ್ದ ಚಿಗುರು ಕಾಡುಗುಲಾಬಿಯದು. ಅದನ್ನು “ಹುಲುಸಾಗಿ ಬಂದಿದೆ” ಎಂದು ಉಳಿಸಿಕೊಂಡರೆ ಎರಡು ವರ್ಷದಲ್ಲಿ ಮೇಲಿನ ಜಾತಿ ಸಾಯುತ್ತದೆ. ಗುಲಾಬಿಗೆ ನೀರು ಬೆಳಿಗ್ಗೆ, ಬುಡಕ್ಕೆ ಮಾತ್ರ. ಸಂಜೆ ಎಲೆಯ ಮೇಲೆ ಚಿಮುಕಿಸಿದರೆ ಇಬ್ಬನಿಯೊಡನೆ ಸೇರಿ ಬೂದಿರೋಗಕ್ಕೂ ಕರಿಚುಕ್ಕೆಗೂ ಹಾಸಿಗೆ ಹಾಸಿದಂತೆ. ಬೂದಿ ಕಂಡ ಕೂಡಲೇ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಮಿನಂತೆ ಬಿಸಿಲೇರುವ ಮುನ್ನ ಸಿಂಪಡಿಸಬೇಕು.

ದುಂಡುಮಲ್ಲಿಗೆಯನ್ನು ಬಯಲುಸೀಮೆಯಲ್ಲಿ ನವೆಂಬರ್ ಕೊನೆಗೆ ಸವರುತ್ತಾರೆ. ನಮ್ಮಲ್ಲಿ ಚಳಿ ಹೆಚ್ಚು, ಹೊಸ ಚಿಗುರು ಇಬ್ಬನಿಗೆ ಸಿಕ್ಕಿ ಮುರುಟುವುದರಿಂದ ನಾನು ಜನವರಿಯವರೆಗೆ ಕಾಯುತ್ತೇನೆ. ಕತ್ತರಿಸುವ ಮೊದಲು ಎರಡು ವಾರ ನೀರು ನಿಲ್ಲಿಸಿ, ನೆಲದಿಂದ ಒಂದೂವರೆ ಅಡಿ ಬಿಟ್ಟು ಸವರಿ, ಎಲೆ ಕೊಡವಿ, ಬುಡ ಬಿಡಿಸಿ ಗೊಬ್ಬರ ಕೊಟ್ಟು ಆಮೇಲೆ ನೀರು ಹಾಯಿಸಬೇಕು.

ಇದಕ್ಕೆ ವಿರುದ್ಧವಾದದ್ದು ಹೈಡ್ರಾಂಜಿಯ, ಚೆಂಡಿನಂಥ ನೀಲಿ ಗೊಂಚಲು ಬಿಡುವ ಗಿಡ. ಚಳಿಗಾಲದಲ್ಲಿ ಎಲೆ ಉದುರಿ ಬರೀ ಕಡ್ಡಿಯಾಗಿ ನಿಂತಾಗ ಇದಕ್ಕೆ ಕತ್ತಿ ಬೀಳುತ್ತದೆ. ಅದರ ಮುಂದಿನ ಹೂವು ಆ ಒಣಕಡ್ಡಿಯ ತುದಿಯ ದಪ್ಪ ಮೊಗ್ಗಿನಲ್ಲಿಯೇ ಅಡಗಿರುತ್ತದೆ. ಸವರುವುದಿದ್ದರೆ ಹೂ ಮುಗಿದ ಕೂಡಲೇ ಮಳೆಗಾಲದಲ್ಲಿ ಸವರಬೇಕು. ಇನ್ನೊಂದು ಮಾತು: ನಮ್ಮ ಹುಳಿಮಣ್ಣಿನಲ್ಲಿ ಇದು ನೀಲಿಯಾಗಿ ಅರಳುತ್ತದೆ, ಒಲೆಬೂದಿಯನ್ನೋ ಸುಣ್ಣವನ್ನೋ ಹಾಕುತ್ತ ಹೋದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬೇರೆ ಜಾತಿ ಎಂದು ದುಡ್ಡು ಕೊಟ್ಟು ತಂದವರುಂಟು.

ಕಣದ ದೀಪ

ಸೇವಂತಿಗೆಯ ವಿಷಯದಲ್ಲಿ ನನಗಾದ ಒಂದು ಅನುಭವವನ್ನು ಹೇಳಲೇಬೇಕು. ಒಂದು ವರ್ಷ ಕಣದ ಪಕ್ಕದ ಸಾಲಿನಲ್ಲಿ ಅರ್ಧದಷ್ಟು ಗಿಡಗಳು ತುಂಬ ಹೂವಾದವು, ಉಳಿದರ್ಧ ಎದೆಯೆತ್ತರ ಬೆಳೆದು ಬರೀ ಎಲೆ. ಮಣ್ಣು ಒಂದೇ, ಗೊಬ್ಬರ ಒಂದೇ, ಸಸಿಯೂ ಒಂದೇ ಕಡೆಯದು. ಆನೆಯ ಭಯಕ್ಕೆ ಸೆಪ್ಟೆಂಬರ್‌ನಿಂದಲೇ ಕಣದ ಕಂಬಕ್ಕೆ ದೊಡ್ಡ ದೀಪ ಹಾಕಿ ರಾತ್ರಿಯಿಡೀ ಉರಿಸಿದ್ದೆವು. ದೀಪದ ಬೆಳಕು ಬಿದ್ದಲ್ಲಿ ಹೂವಿಲ್ಲ, ದನದ ಕೊಟ್ಟಿಗೆಯ ನೆರಳಿದ್ದಲ್ಲಿ ಹೂವು! ಸೇವಂತಿಗೆ ಹಗಲು ಚಿಕ್ಕದಾಗಿ ರಾತ್ರಿ ಉದ್ದವಾಗುವುದನ್ನು ಅಳೆದು ಮೊಗ್ಗು ಕಟ್ಟುವ ಗಿಡ. ರಾತ್ರಿಯ ನಡುವೆ ಬೆಳಕು ಬಿದ್ದರೆ ಅದಕ್ಕೆ ಇನ್ನೂ ದೀರ್ಘ ಹಗಲೇ. ಡಿಸೆಂಬರ್‌ನಲ್ಲಿ ತುದಿ ಎಲೆಗಳು ಕೆಂಪಾಗುವ ಪಾಯಿನ್‌ಸೆಟಿಯಾಕ್ಕೂ ಇದೇ ಸ್ವಭಾವ. ಆನೆಯ ಭಯವಿರುವಲ್ಲಿ ದೀಪ ಆರಿಸಿರೆಂದು ನಾನು ಹೇಳಲಾರೆ. ಆ ಗಿಡಗಳನ್ನು ಬೆಳಕು ತಾಗದ ಕಡೆಗೆ ಸರಿಸಿರೆಂದಷ್ಟೇ ಹೇಳಬಲ್ಲೆ.

ಹೂ ಮುಗಿದ ಸೇವಂತಿಗೆಯನ್ನು ಕಿತ್ತೆಸೆಯಬಾರದು. ಅರ್ಧ ಅಡಿಗೆ ಕತ್ತರಿಸಿ, ಅರೆನೆರಳಿನಲ್ಲಿ ಮಿತವಾಗಿ ನೀರು ಕೊಡುತ್ತಿದ್ದರೆ ಬುಡದಿಂದ ಮರಿಗಳು ಏಳುತ್ತವೆ. ಬೇಸಿಗೆ ದಾಟಿಸಿ ಜೂನ್‌ನಲ್ಲಿ ಬಿಡಿಸಿ ನೆಡಬಹುದು.

ಕುಂಡದ ಗಿಡಗಳಿಗೆ ನೀರಿನ ಲೆಕ್ಕ ಬೇರೆ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ, ಒಣಗಿದ್ದರೆ ಹಾಕುವುದು, ತಂಪಿದ್ದರೆ ಬಿಡುವುದು. ನೆರಳಿನಲ್ಲಿ ಬೆಳೆಯುವ ಆಂಥೂರಿಯಂ ಮಾತ್ರ ಪೂರ್ತಿ ಒಣಗಬಾರದು. ಮರಗಸಿಯಾದ ಮೇಲೆ ನೇರ ಬಿಸಿಲು ಬೀಳುವಲ್ಲಿ ಅದರ ಎಲೆ ಸುಡುತ್ತದೆ. ಲಾಲ್‌ಬಾಗ್‌ನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಕುಂಡಗಳನ್ನು ತರುವುದುಂಟು. ತಂದ ದಿನವೇ ಕುಂಡ ಬದಲಿಸದೆ ಎರಡು ವಾರ ನೆರಳಿನಲ್ಲಿಟ್ಟು ನಮ್ಮ ಹವೆಗೆ ಹೊಂದಿಸಿದರೆ ಬದುಕುತ್ತವೆ.

ಕಾಫಿಯೂ ಹೂಗಿಡವೇ

ಅಂಗಳದ ಪಾಠ ತೋಟಕ್ಕೆ ಹೇಗೆ ಅನ್ವಯಿಸುತ್ತದೆ ಎಂಬುದನ್ನೂ ನೋಡೋಣ. ನಮ್ಮ ಬಚ್ಚಲ ನೀರು ಹರಿದು ಹೋಗುವ ಕಡೆ ಎರಡು ಅರೇಬಿಕಾ ಗಿಡಗಳಿವೆ. ವರ್ಷವಿಡೀ ಕಪ್ಪುಹಸಿರು, ತೋಟದಲ್ಲೆಲ್ಲ ನೋಡಲು ಚೆಂದದವು ಅವೇ. ಫಸಲು ಮಾತ್ರ ಅಷ್ಟಕ್ಕಷ್ಟೆ. ನವೆಂಬರ್‌ನಲ್ಲಿ ನಾಲ್ಕು, ಜನವರಿಯಲ್ಲಿ ಹತ್ತು ಎಂದು ಆಗಾಗ ಹೂ ಬಿಡುತ್ತ, ಒಂದೇ ರೆಕ್ಕೆಯಲ್ಲಿ ಹಣ್ಣು, ಹಸಿಕಾಯಿ, ಮೊಗ್ಗು ಮೂರೂ ಇರುತ್ತವೆ. ಅವುಗಳಿಗೆ ನಿದ್ರೆಯೇ ಇಲ್ಲ.

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಕಾಫಿಯ ಗೆಣ್ಣುಗಳಲ್ಲಿ ಮೊಗ್ಗು ಕಟ್ಟಿ 4ರಿಂದ 6 ಮಿಲಿಮೀಟರಿನಷ್ಟಾಗಿ ನಿಂತುಬಿಡುತ್ತದೆ. ಒಣಹವೆಯಲ್ಲಿ ಕೆಲವು ವಾರ ಹಾಗೆ ಮಲಗಿ ಬಲಿತ ಮೊಗ್ಗು ಮಾತ್ರ ಮಾರ್ಚ್-ಏಪ್ರಿಲ್‌ನ ಹೂಮಳೆಗೆ ಒಟ್ಟಿಗೇ ಎಚ್ಚರಗೊಳ್ಳುತ್ತದೆ. ಒಂದು ಅಂಗುಲದಷ್ಟು ಮಳೆ ಬಿದ್ದರೆ ರೋಬಸ್ಟಾ ಏಳೆಂಟು ದಿನಗಳಲ್ಲಿ, ಅರೇಬಿಕಾ ಒಂಬತ್ತು-ಹತ್ತು ದಿನಗಳಲ್ಲಿ ಅರಳುತ್ತದೆ. ತುಂತುರು ಮಳೆಗೋ ಅರೆಬರೆ ನೀರಾವರಿಗೋ ಮೊಗ್ಗು ಸ್ವಲ್ಪ ಊದಿ ಸೊರಗುತ್ತದೆ. ಹೀಗಿರುವಲ್ಲಿ ಕೊಳವೆಬಾವಿ ಇದೆಯೆಂದು, ಗಿಡ ಬಾಡಿದಂತೆ ಕಾಣುತ್ತದೆಯೆಂದು ಡಿಸೆಂಬರ್-ಜನವರಿಯಲ್ಲಿ ಅರೇಬಿಕಾಕ್ಕೆ ಸ್ವಲ್ಪ ಸ್ವಲ್ಪ ನೀರು ಕೊಡುವುದು ನಾನು ಡೇರೆಗೆ ಮಾಡಿದ ಉಪಕಾರದಂಥದೇ. ಮಧ್ಯಾಹ್ನ ಬಾಡಿ ಬೆಳಿಗ್ಗೆ ಚೇತರಿಸಿಕೊಳ್ಳುವ ದೊಡ್ಡ ಗಿಡಕ್ಕೆ ಆ ಬಾಡುವಿಕೆ ಬೇಕು. ಎಳೆ ಗಿಡಗಳ ಮಾತು ಬೇರೆ. ಹೊಸದಾಗಿ ನೆಟ್ಟವಕ್ಕೆ ನೆರಳೂ ತರಗೆಲೆಯ ಹೊದಿಕೆಯೂ, ಅಗತ್ಯವಿದ್ದರೆ ನೀರೂ ಬೇಕು. ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕುವವರು ಕೊಯ್ಲು ಮುಗಿಸಿ, ಮೊಗ್ಗು ಬಲಿತ ಮೇಲೆ ಫೆಬ್ರವರಿ-ಮಾರ್ಚ್‌ನಲ್ಲಿ ಒಮ್ಮೆಲೇ ಪೂರ್ಣ ಪ್ರಮಾಣದಲ್ಲಿ ಕೊಡಬೇಕು.

ನಿದ್ರೆ ಕೆಟ್ಟರೆ ಏನಾಗುತ್ತದೆಂಬುದನ್ನು 2021ರ ಜನವರಿಯಲ್ಲಿ ಹಾಸನ, ಚಿಕ್ಕಮಗಳೂರು, ಕೊಡಗು ಜಿಲ್ಲೆಗಳ ನಾವೆಲ್ಲ ಕಂಡಿದ್ದೇವೆ. ಕೊಯ್ಲಿನ ನಡುವೆ ಅಕಾಲ ಮಳೆ ಸುರಿದು ಹಣ್ಣು ಉದುರಿತು, ಕಣದಲ್ಲಿದ್ದದ್ದು ಒದ್ದೆಯಾಯಿತು. ಹಣ್ಣಿದ್ದ ಗಿಡದಲ್ಲಿಯೇ ಹೂ ಅರಳಿ, ಕೊಯ್ಯುವ ಕೈಗೆ ಸಿಕ್ಕಿ ಮುಂದಿನ ಫಸಲೂ ನೆಲಕ್ಕೆ ಬಿತ್ತು. ಆಕಾಶದಿಂದ ಬಂದದ್ದಕ್ಕೆ ನಾವೇನೂ ಮಾಡುವಂತಿಲ್ಲ. ಅದೇ ಕೆಲಸವನ್ನು ವಿದ್ಯುತ್ ಬಿಲ್ಲು ಕಟ್ಟಿ ನಾವೇ ಮಾಡಬೇಕಾದ ಅಗತ್ಯವಿಲ್ಲ.

ಅಡಿಕೆಯನ್ನು ಇದೇ ನಿಯಮಕ್ಕೆ ಕಟ್ಟಬಾರದು. ಅದು ಮಲಗುವ ಮರವಲ್ಲ. ಚಳಿಗಾಲದಿಂದ ಬೇಸಿಗೆಯವರೆಗೆ ಹಿಂಗಾರ ಬಿಚ್ಚುತ್ತಲೇ ಇರುತ್ತದೆ, ಬಾಯಾರಿದರೆ ಎಳೆಗಾಯಿ ಉದುರಿಸುತ್ತದೆ. ಮರವೊಂದಕ್ಕೆ 175 ಲೀಟರಿನಂತೆ ನವೆಂಬರ್-ಡಿಸೆಂಬರ್‌ನಲ್ಲಿ 7-8 ದಿನಕ್ಕೊಮ್ಮೆ, ಜನವರಿ-ಫೆಬ್ರವರಿಯಲ್ಲಿ 6 ದಿನಕ್ಕೊಮ್ಮೆ, ಆ ಮೇಲೆ 3ರಿಂದ 5 ದಿನಕ್ಕೊಮ್ಮೆ ಎಂಬುದು ವಿಟ್ಲದ ಸಂಶೋಧನಾ ಕೇಂದ್ರದ ಶಿಫಾರಸು. ಅಡಿಕೆಯ ನಡುವೆ ಕಾಫಿ ಹಾಕಿದವರಿಗೆ ಇಲ್ಲಿ ತೊಡಕಿದೆ. ಅಂಥಲ್ಲಿ ಅಡಿಕೆಯ ಬುಡಕ್ಕೆ ಮಾತ್ರ ಹನಿ ನೀರು ಕೊಟ್ಟು, ಕಾಫಿ ಸಾಲನ್ನು ಆದಷ್ಟು ಒಣಗಲು ಬಿಡುವುದೇ ದಾರಿ. ಪೂರ್ತಿ ಸಾಧ್ಯವಾಗದು, ಅಲ್ಲಿನ ಕಾಫಿ ಸ್ವಲ್ಪ ಚದರಿಯೇ ಅರಳುತ್ತದೆ.

ಡೇರೆಯ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ಕಳೆದ ಮಳೆಗಾಲದಲ್ಲಿ ಆಲೂರಿನ ಕಡೆಯ ಚಿಕ್ಕಮ್ಮನ ಮನೆಗೆ ಹೋದಾಗ ಅವರ ಹಿತ್ತಲಿನ ಬೇಲಿ ಪಕ್ಕ ಅದೇ ಕಡುಗೆಂಪು, ಅದೇ ಬಿಳಿ ತುದಿ. “ನಿಮ್ಮಮ್ಮನೇ ಕೊಟ್ಟಿದ್ದು ಕಣೋ, ಒಂದು ಮಡಕೆ ಮರಳಿನ ಸಮೇತ” ಎಂದರು. ಮರಳಿನ ಮಾತು ನನಗೆ ತಿಳಿದದ್ದು ಹಾಗೆ. ನವೆಂಬರ್ ಕೊನೆಗೆ ಚಿಕ್ಕಮ್ಮ ಕಾಂಡ ಸಮೇತ ಸೀಳಿ ಮೂರು ಗಡ್ಡೆ ಕೊಟ್ಟರು. ಉಗ್ರಾಣದ ಮೂಲೆಯಲ್ಲಿ ಮರಳಿನಲ್ಲಿಟ್ಟಿದ್ದೇನೆ. ಮೊನ್ನೆ ಅಮಾವಾಸ್ಯೆಯಂದು ತೆಗೆದು ನೋಡಿದಾಗ ಎರಡು ಗಟ್ಟಿಯಾಗಿದ್ದವು. ಮೂರನೆಯದರ ತುದಿ ಮೆತ್ತಗಾಗಿತ್ತು. ಆ ಭಾಗ ಕೊಯ್ದು ಗಂಧಕದ ಪುಡಿ ಸವರಿ ಬೇರೆ ಕುಡಿಕೆಯಲ್ಲಿಟ್ಟೆ. ಕುತ್ತಿಗೆ ಇನ್ನೂ ಹಸಿರಿದೆ.